ಎಮ್ಮೆ ಕೆರೆಯಲ್ಲಿ, ವ್ಯಾಪಾರ ದಂಡೆಯಲ್ಲಿ

ದನದ ಜಾತ್ರೆಯನ್ನು ಕಂಡವರಿಗೆ ‘ಎಮ್ಮೆ ಕೆರೆಯಲ್ಲಿ, ವ್ಯಾಪಾರ ದಂಡೆಯಲ್ಲಿ’ ಎಂಬ ನಾಣ್ಣುಡಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನಲ್ಲಿ ಕುಳಿತ ಎಮ್ಮೆಯ ಕೊಂಬುಗಳೂ ಬೆನ್ನಿನ ಒಂದಿಷ್ಟು ಭಾಗವೂ ಹೊರತು ಮತ್ತೇನೂ ಕಾಣದು. ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ, ಕರೆಯುವಾಗ ಒದೆಯುವ ಚಾಳಿಯುಂಟೋ ಎಂಬುದನ್ನು ಮಾರುವವನೊಬ್ಬನೇ ಬಲ್ಲ. ಅವನು ದಂಡೆಯ ಮೇಲೆ ನಿಂತು ಗುಣಗಾನ ಮಾಡುತ್ತಾನೆ. ಕೊಳ್ಳುವವನು ಕೊಂಬಿನ ಅಂದವನ್ನು ನೋಡಿ ಕೆಚ್ಚಲಿಗೆ ಬೆಲೆ ಕಟ್ಟುತ್ತಾನೆ.

ಈ ವ್ಯಾಪಾರವು ಕೆರೆಯ ದಂಡೆಯಿಂದ ಎದ್ದು ಈಗ ಪಟ್ಟಣದ ಗೃಹಸ್ಥರ ನಡುಮನೆಗೇ ಬಂದಿದೆ. ಅಂತರ್ಜಾಲದ ಹರಾಜುಕಟ್ಟೆಗಳಲ್ಲಿ ಮಾರಾಟಕ್ಕಿಟ್ಟ ವಸ್ತು ಎಲ್ಲೋ ಸಮುದ್ರದಾಚೆ ಇರುತ್ತದೆ. ಕಣ್ಣಿಗೆ ಬೀಳುವುದು ನಾಲ್ಕು ಚಿತ್ರಗಳು, ಹತ್ತು ಸಾಲಿನ ವರ್ಣನೆ ಮತ್ತು ಮುಗಿಯುತ್ತ ಬಂದ ಗಡುವು. ಅದರಲ್ಲಿಯೂ ಕ್ಯಾಮೆರಾ ಎಂಬ ವಸ್ತುವಿನ ಯೋಗ್ಯತೆಯೆಲ್ಲ ಅದರ ಒಳಗೇ ಅಡಗಿರುವುದರಿಂದ ಮೋಸಗಾರರಿಗೆ ಅದರ ಮೇಲೆ ವಿಶೇಷವಾದ ಪ್ರೀತಿ.

ಇಂತಹ ಒಂದು ಸಂಜೆಯನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಊಹಿಸಿಕೊಳ್ಳಬಹುದು. ಮನೆಯ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಮಗಳು ಚಿತ್ರಕಲೆಯ ವಿದ್ಯಾರ್ಥಿನಿ. ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾದಿಂದಲೇ ಛಾಯಾಗ್ರಹಣವನ್ನು ಕಲಿಯಬೇಕೆಂಬುದು ಅವಳ ಹಂಬಲ. ತೆರೆಯ ಮೇಲೆ ಹೊಂಬಣ್ಣದ ಪುಟ್ಟದೊಂದು ಕ್ಯಾಮೆರಾ ಮಿರುಗುತ್ತಿದೆ. ಅದರ ನೆತ್ತಿಯ ಮೇಲೆ ‘ಲೈಕಾ’ ಎಂಬ ಹೆಸರು, ಪಕ್ಕದಲ್ಲಿ ‘ಬರ್ಲಿನ್ ಒಲಿಂಪಿಕ್ಸ್, 1936’ ಎಂಬ ಕೆತ್ತನೆ. ಬೆಲೆ ಸದ್ಯಕ್ಕೆ 35 ಸಾವಿರ ರೂಪಾಯಿ. ಹರಾಜು ಮುಗಿಯಲು ಇನ್ನು 40 ನಿಮಿಷ.

“ಅಪ್ಪಾ, ಇಂಥದು ಇನ್ನೊಮ್ಮೆ ಸಿಗೋದಿಲ್ಲ,” ಎಂದಳು ಮಗಳು.

“ರೀ, ಅದು ಚೀಟಿ ಹಣ. ಸ್ವಲ್ಪ ಯೋಚನೆ ಮಾಡಿ,” ಎಂದರು ಅಡಿಗೆಮನೆಯಿಂದ ಬಂದ ತಾಯಿ.

“ಯೋಚನೆ ಮಾಡ್ತಾ ಕೂತರೆ ಬೇರೆಯವರ ಪಾಲಾಗುತ್ತಲ್ಲೇ!” ಎಂದರು ಯಜಮಾನರು.

ಮೋಸದ ಶಾಸ್ತ್ರವೆಲ್ಲವೂ ಈ ಮೂರು ಮಾತುಗಳೊಳಗೆ ಅಡಗಿದೆ. ಮಗಳ ಮಾತಿನಲ್ಲಿ ಆಸೆಯಿದೆ, ಯಜಮಾನರ ಮಾತಿನಲ್ಲಿ ಅವಸರವಿದೆ. ನಡುವೆ ವಿವೇಕವೊಂದು ಮೆಲುದನಿಯಲ್ಲಿ ಮಾತನಾಡಿ ಸುಮ್ಮನಾಗಿದೆ. ಆ 40 ನಿಮಿಷಗಳು ಹಾಗೆಯೇ ಇರಲಿ. ಅಷ್ಟರಲ್ಲಿ ಈ ಹರಾಜುಕಟ್ಟೆಯ ಪೂರ್ವೋತ್ತರವನ್ನು ಕೊಂಚ ನೋಡಬಹುದು.

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತಂತ್ರಜ್ಞರು ‘ಆಕ್ಷನ್‌ವೆಬ್’ ಎಂಬ ಹೆಸರಿನಿಂದ ಒಂದು ಹರಾಜುಕಟ್ಟೆಯನ್ನು ತೆರೆದರು. ಮುಂದೆ ‘ಇಬೇ’ ಎಂದು ಜಗತ್ಪ್ರಸಿದ್ಧವಾದದ್ದು ಅದೇ. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ದೀಪ. ಬಂದ ಬೆಲೆ 14 ಡಾಲರು 83 ಸೆಂಟು. ಒಮಿಡ್ಯಾರರು ಆಶ್ಚರ್ಯಪಟ್ಟು, ಅದು ಕೆಟ್ಟಿದೆಯೆಂಬುದು ತಿಳಿದಿದೆಯೇ ಎಂದು ಕೊಂಡವನನ್ನು ವಿಚಾರಿಸಿದರಂತೆ. ಕೆಟ್ಟ ಲೇಸರ್ ದೀಪಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಆತ ಉತ್ತರಿಸಿದನಂತೆ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಹೇಳಿ ಮಾರಿದರೆ ಅದಕ್ಕೂ ಒಬ್ಬ ಗಿರಾಕಿ ಇರುತ್ತಾನೆ ಎಂಬ ಈ ಸಣ್ಣ ಕಥೆಯಲ್ಲಿ ದೊಡ್ಡ ನೀತಿಯಿದೆ. ಹಳೆಯ ವಸ್ತುವನ್ನು ಮಾರುವುದು ಮೋಸವಲ್ಲ. ಹಳೆಯದಕ್ಕೆ ಸುಳ್ಳು ಹೆಸರಿಟ್ಟು ಮಾರುವುದು ಮೋಸ.

ಅಪರಿಚಿತರ ನಡುವೆ ನಂಬಿಕೆ ಬೆಳೆಯಲೆಂದು 1996ರಲ್ಲಿ ಅಲ್ಲಿ ಒಂದು ಪದ್ಧತಿಯನ್ನು ಜಾರಿಗೆ ತಂದರು. ಕೊಂಡವರೂ ಮಾರಿದವರೂ ಪರಸ್ಪರರ ನಡತೆಯನ್ನು ಕುರಿತು ಎಲ್ಲರಿಗೂ ಕಾಣುವಂತೆ ಒಂದು ಮಾತು ಬರೆದಿಡುವುದೇ ಆ ಪದ್ಧತಿ. ಊರಿನಲ್ಲಿ ಅಂಗಡಿಯವನಿಗೆ ಬರುವ ಒಳ್ಳೆಯ ಹೆಸರಿನಂತೆಯೇ ಇದು. ಆದರೆ ಒಳ್ಳೆಯ ಹೆಸರನ್ನು ಗಳಿಸಬಹುದಾದಂತೆ ಕದಿಯಲೂಬಹುದು. ಕೆಲವರು ಹತ್ತಿಪ್ಪತ್ತು ರೂಪಾಯಿಯ ಸಾಮಾನುಗಳನ್ನು ನೂರಾರು ಜನರಿಗೆ ಮಾರಿ ಹೊಗಳಿಕೆಯನ್ನು ಕೂಡಿಹಾಕಿಕೊಂಡು, ಬಳಿಕ ಒಮ್ಮೆಲೇ ಬೆಲೆಬಾಳುವ ಕ್ಯಾಮೆರಾಗಳನ್ನು ಹರಾಜಿಗಿಡುತ್ತಾರೆ. ಇನ್ನು ಕೆಲವರು ಪ್ರಾಮಾಣಿಕ ವ್ಯಾಪಾರಿಯೊಬ್ಬನ ಗುಪ್ತಪದವನ್ನು ಕದ್ದು ಅವನ ಹೆಸರಿನಲ್ಲಿಯೇ ಅಂಗಡಿ ತೆರೆಯುತ್ತಾರೆ. ಆದುದರಿಂದ ಹೊಗಳಿಕೆಗಳನ್ನು ಎಣಿಸುವುದಕ್ಕಿಂತ ಅವುಗಳನ್ನು ಓದುವುದು ಲೇಸು. ಹೊಗಳಿಕೆ ಬಂದದ್ದು ಕ್ಯಾಮೆರಾ ಮಾರಿದ್ದಕ್ಕೋ, ಕರವಸ್ತ್ರ ಮಾರಿದ್ದಕ್ಕೋ? ಇತ್ತೀಚಿನದೋ, ವರ್ಷಗಳ ಹಿಂದಿನದೋ? ಬಹುಕಾಲ ಸುಮ್ಮನಿದ್ದ ಅಂಗಡಿ ಇಂದು ಇದ್ದಕ್ಕಿದ್ದಂತೆ ತುಂಬಿ ತುಳುಕುತ್ತಿದೆಯೆಂದರೆ ಅದಕ್ಕೆ ಕಾರಣವಿರಲೇಬೇಕು.

ಕೊಳ್ಳುವವನ ಅಜ್ಞಾನವು ಪೇಟೆಯನ್ನೇ ಹೇಗೆ ಕೆಡಿಸುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಅವರು ತೆಗೆದುಕೊಂಡ ಉದಾಹರಣೆ ಹಳೆಯ ಮೋಟಾರು ಕಾರುಗಳದು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎರಡಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಒಪ್ಪದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಈ ವಿಚಾರಕ್ಕಾಗಿ ಅಕರ್ಲಾಫರು 2001ರಲ್ಲಿ ಮೈಕೇಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಕೆರೆಯ ಎಮ್ಮೆಗೂ ಈ ಸಿದ್ಧಾಂತಕ್ಕೂ ಬಹಳ ದೂರವಿಲ್ಲ.

ಇನ್ನು ತೆರೆಯ ಮೇಲೆ ಮಿರುಗುತ್ತಿರುವ ಆ ಹೊಂಬಣ್ಣದ ಕ್ಯಾಮೆರಾಕ್ಕೆ ಬರಬಹುದು. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಸಿನಿಮಾದ ಫಿಲ್ಮನ್ನೇ ಬಳಸುವ ಅಂಗೈಯಗಲದ ಕ್ಯಾಮೆರಾವೊಂದನ್ನು ರೂಪಿಸಿದನು. 1925ರಲ್ಲಿ ಲೈಪ್‌ಜಿಗ್ ನಗರದ ವಸ್ತುಪ್ರದರ್ಶನದಲ್ಲಿ ಅದು ‘ಲೈಕಾ’ ಎಂಬ ಹೆಸರಿನಿಂದ ಲೋಕದ ಕಣ್ಣಿಗೆ ಬಿತ್ತು. ಅದರ ಕೀರ್ತಿ ಇಂದಿಗೂ ಇಳಿದಿಲ್ಲ. ಬಾರ್ನಾಕ್ ಸ್ವತಃ ಬಳಸುತ್ತಿದ್ದ ಒಂದು ಕ್ಯಾಮೆರಾ 2022ರ ಜೂನ್ ತಿಂಗಳಿನಲ್ಲಿ ವೆಟ್ಸ್‌ಲಾರ್‌ನ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಹೆಸರಿಗೆ ಇಷ್ಟು ಬೆಲೆಯಿದ್ದಲ್ಲಿ ಆ ಹೆಸರನ್ನು ಕದಿಯುವವರು ಹುಟ್ಟದಿರುವರೇ?

ಕಳವಿನ ಕಥೆಯಾದರೋ ಮನಕರಗಿಸುವಂಥದು. ಇಂದಿನ ಉಕ್ರೇನಿನಲ್ಲಿರುವ ಖಾರ್ಕಿವ್ ನಗರದಲ್ಲಿ 1927ರಲ್ಲಿ ನಿರ್ಗತಿಕ ಮಕ್ಕಳಿಗಾಗಿ ಒಂದು ಆಶ್ರಯಧಾಮ ತೆರೆಯಿತು. ಕ್ರಾಂತಿ ಮತ್ತು ಅಂತರ್ಯುದ್ಧಗಳಲ್ಲಿ ಮನೆಮಠಗಳನ್ನು ಕಳೆದುಕೊಂಡು ಬೀದಿಯಲ್ಲಿ ಅಲೆಯುತ್ತಿದ್ದ ಬಾಲಕ ಬಾಲಿಕೆಯರಿಗೆ ಅಲ್ಲಿ ಓದೂ ಕೆಲಸವೂ ದೊರೆತವು. ಸುಪ್ರಸಿದ್ಧ ಶಿಕ್ಷಣತಜ್ಞ ಆಂತೋನ್ ಮಕಾರೆಂಕೊ ಅದರ ಮೇಲ್ವಿಚಾರಕರಾಗಿದ್ದರು. ಆ ಮಕ್ಕಳು ಮೊದಲು ವಿದ್ಯುತ್ ಬೈರಿಗೆಗಳನ್ನು ತಯಾರಿಸಿದರು. ಬಳಿಕ ಲೈಕಾದ 1932ರ ಮಾದರಿಯೊಂದನ್ನು ನೋಡಿಕೊಂಡು ಅದರಂತೆಯೇ ಕ್ಯಾಮೆರಾ ಕಟ್ಟುವುದನ್ನು ಕಲಿತರು. 1934ರಿಂದ ಅವು ಹೆಚ್ಚಿನ ಸಂಖ್ಯೆಯಲ್ಲಿ ಹೊರಬರತೊಡಗಿದವು. ಆ ಧಾಮಕ್ಕೆ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿ ಎಂಬ ಸೋವಿಯತ್ ನಾಯಕನ ಹೆಸರಿತ್ತು. ಆ ಹೆಸರಿನ ಮೊದಲಕ್ಷರಗಳೇ ಕ್ಯಾಮೆರಾದ ಹೆಸರಾಗಿ ‘ಫೆಡ್’ ಎಂದಾಯಿತು. 1948ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ಇದೇ ವಂಶದ ‘ಜೋರ್ಕಿ’ ಎಂಬ ಕ್ಯಾಮೆರಾವೂ ತಯಾರಾಗತೊಡಗಿತು.

ಫೆಡ್ ಲೈಕಾದ ನಕಲು ಎಂಬುದು ನಿಜ. ಆದರೆ ಅದು ತನ್ನ ಹೆಸರನ್ನು ಮರೆಮಾಚಿದ ಕ್ಯಾಮೆರಾವಲ್ಲ. ನೆತ್ತಿಯ ಮೇಲೆ ರಷ್ಯನ್ ಅಕ್ಷರಗಳಲ್ಲಿ ತನ್ನ ಹೆಸರನ್ನೇ ಬರೆದುಕೊಂಡು ಲಕ್ಷಾಂತರ ಮನೆಗಳಲ್ಲಿ ದುಡಿದ ಕ್ಯಾಮೆರಾ. ಮೋಸ ನಡೆದದ್ದು ಆಮೇಲೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಹಳೆಯ ವಸ್ತುಗಳು ಪಶ್ಚಿಮದ ಪೇಟೆಗೆ ಹರಿದುಬಂದ ಕಾಲದಲ್ಲಿ ಈ ಮೋಸ ದೊಡ್ಡ ಕಸುಬಾಗಿ ಬೆಳೆಯಿತು. ಫೆಡ್ ಮತ್ತು ಜೋರ್ಕಿಗಳ ನೆತ್ತಿಯನ್ನು ಉಜ್ಜಿ ಹೆಸರನ್ನು ಅಳಿಸಿ, ಅದೇ ಜಾಗದಲ್ಲಿ ಲೈಕಾ ಎಂದು ಕೊರೆದರು. ಕೆಲವಕ್ಕೆ ಹೊಂಬಣ್ಣ ಬಳಿದರು. ಕೆಲವಕ್ಕೆ ಹಾವಿನ ಚರ್ಮ, ಮರದ ಹೊದಿಕೆ. ಜರ್ಮನ್ ವಿಮಾನದಳದ ಹದ್ದು, ನೌಕಾದಳದ ಮುದ್ರೆ, ಬರ್ಲಿನ್ ಒಲಿಂಪಿಕ್ಸಿನ ಉಂಗುರಗಳು ಎಲ್ಲವನ್ನೂ ಕೆತ್ತಿದರು. ಇತಿಹಾಸದಲ್ಲಿ ಮನಸ್ಸಿರುವ ಗಿರಾಕಿಗೆ ಇದಕ್ಕಿಂತ ದೊಡ್ಡ ಗಾಳ ಬೇಕೆ? ಬೀದಿಯ ಮಕ್ಕಳು ಗೌರವದಿಂದ ದುಡಿದು ಮಾಡಿದ ವಸ್ತುವಿನ ಮೈಮೇಲಿಂದ ಅವರ ಗುರುತನ್ನೇ ಕೆರೆದುಹಾಕಿದ ಈ ಕೆಲಸದಲ್ಲಿ ಮೋಸಹೋದವರು ಕೊಂಡವರು ಮಾತ್ರವಲ್ಲ.

ಅದೃಷ್ಟವಶಾತ್ ಮೋಸಗಾರನ ಉಳಿ ನೆತ್ತಿಯನ್ನು ಮುಟ್ಟುತ್ತದೆಯೇ ಹೊರತು ಕರುಳನ್ನು ಮುಟ್ಟುವುದಿಲ್ಲ. ಲೆನ್ಸನ್ನು ತಿರುಗಿಸಿ ಹೊರತೆಗೆದು ಕ್ಯಾಮೆರಾದ ಬಾಯಿಯ ಮೇಲ್ಭಾಗವನ್ನು ನೋಡಿದರೆ ದೂರವನ್ನು ಅಳೆಯುವ ಯಂತ್ರಕ್ಕೆ ಸೇರಿದ ಸಣ್ಣದೊಂದು ಸನ್ನೆ ಕಾಣುತ್ತದೆ. ದೂರಮಾಪಕವಿರುವ ಆ ಕಾಲದ ನಿಜವಾದ ಲೈಕಾದಲ್ಲಿ ಅದರ ತುದಿಗೆ ಉರುಳುವ ಪುಟ್ಟ ಗಾಲಿಯಿರುತ್ತದೆ. ಫೆಡ್ ಮತ್ತು ಜೋರ್ಕಿಗಳಲ್ಲಿ ಗಾಲಿಯಿಲ್ಲ. ಬೆಣೆಯಾಕಾರದ ಗಟ್ಟಿ ಲೋಹದ ತುಂಡು ಇರುತ್ತದೆ. ಅನುಭವಸ್ಥರು ಮೊದಲು ನೋಡುವ ಗುರುತು ಇದೇ. ಎರಡನೆಯದಾಗಿ, 1933ರಿಂದ ಬಂದ ಮೂರನೆಯ ಮಾದರಿಯ ಲೈಕಾಗಳಿಗೆ ಮುಂಭಾಗದಲ್ಲಿ ನಿಧಾನ ವೇಗಗಳಿಗಾಗಿ ಪ್ರತ್ಯೇಕವಾದ ಒಂದು ಸಣ್ಣ ಗುಂಡಿಯಿರುತ್ತದೆ. ‘ಮೂರನೆಯ ಮಾದರಿ’ ಎಂದು ಹೇಳಿ ಗುಂಡಿಯಿಲ್ಲದ ಕ್ಯಾಮೆರಾ ತೋರಿಸಿದರೆ ಅದು ಬೇರೆಯ ಬಳಗದ್ದೆಂದು ಶಂಕಿಸಬೇಕು. ಮೂರನೆಯದು ಕ್ರಮಸಂಖ್ಯೆ. ಲೈಕಾದ ಯಾವ ಸಂಖ್ಯೆ ಯಾವ ವರ್ಷದ್ದೆಂಬ ಪಟ್ಟಿಗಳು ಪ್ರಕಟವಾಗಿವೆ. ನೆತ್ತಿಯ ಸಂಖ್ಯೆಯೂ ಮಾರುವವನು ಹೇಳುವ ವರ್ಷವೂ ಮಾದರಿಯೂ ಒಂದಕ್ಕೊಂದು ಹೊಂದಬೇಕು. ಕಡೆಯದಾಗಿ, ಅಲಂಕಾರ ಹೆಚ್ಚಿದಷ್ಟೂ ಅನುಮಾನ ಹೆಚ್ಚಬೇಕು. ಚಿನ್ನದ ಲೇಪದ ಲೈಕಾಗಳನ್ನು ಕಾರ್ಖಾನೆ 1930ರ ಸುಮಾರಿಗೆ ನಿಜವಾಗಿಯೂ ಮಾಡಿತ್ತು, ಆದರೆ ಬೆರಳೆಣಿಕೆಯಷ್ಟು. ಅವು ಒಬ್ಬ ಗುಮಾಸ್ತರ ಚೀಟಿ ಹಣಕ್ಕೆ ಸಿಗುವ ಸರಕಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಇಂತಹ ಕ್ಯಾಮೆರಾಗಳನ್ನು ‘ಲೈಕಾದ ನಕಲು’ ಎಂದೇ ಬರೆದು ಮಾರುವವರೂ ಇದ್ದಾರೆ. ಅಲಂಕಾರಕ್ಕೆಂದು ತಿಳಿದೇ ಕೊಳ್ಳುವವರೂ ಇದ್ದಾರೆ. ಕೆಲವೊಮ್ಮೆ ಮಾರುವವನೇ ಹಿಂದೊಮ್ಮೆ ಮೋಸಹೋದವನಾಗಿರುತ್ತಾನೆ. ಆದುದರಿಂದ ಬೈಗುಳಕ್ಕೆ ಮುಂಚೆ ಪ್ರಶ್ನೆ ಬರಲಿ. “ಲೆನ್ಸು ತೆಗೆದು ಒಳಗಿನ ಚಿತ್ರವನ್ನು ಕಳುಹಿಸುವಿರಾ? ಪಕ್ಕದಲ್ಲಿ ಇಂದಿನ ತಾರೀಖು ಬರೆದ ಚೀಟಿಯೊಂದನ್ನು ಇಡುವಿರಾ?” ಎಂದು ವಿನಯದಿಂದ ಕೇಳಿದರೆ ಪ್ರಾಮಾಣಿಕನು ಕಳುಹಿಸುತ್ತಾನೆ. ಬೇರೊಬ್ಬರ ಚಿತ್ರವನ್ನು ಕದ್ದು ಹಾಕಿ ಇಲ್ಲದ ವಸ್ತುವನ್ನು ಮಾರುತ್ತಿರುವವನಿಗೆ ಆ ಚೀಟಿಯೊಂದೇ ಸಾಕು, ಬಾಯಿ ಕಟ್ಟಿಹೋಗುತ್ತದೆ.

ವಸ್ತು ಸಾಚಾ ಆಗಿದ್ದರೂ ಹರಾಜಿನ ರೀತಿಯಲ್ಲಿಯೇ ಕೆಲವು ಬಲೆಗಳುಂಟು. ಮಾರುವವನು ತನ್ನ ಗೆಳೆಯರಿಂದಲೇ ಹುಸಿ ಸವಾಲು ಹಾಕಿಸಿ ಬೆಲೆಯನ್ನು ಏರಿಸಬಹುದು. ಹರಾಜು ಮುಗಿದ ಮೇಲೆ, “ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ, ಹಣವನ್ನು ನೇರವಾಗಿ ಕಳುಹಿಸಿ,” ಎಂಬ ಪತ್ರ ಬರಬಹುದು. ಇದಲ್ಲದೆ ಸವಾಲಿಗೆ ಸವಾಲು ಸೇರಿದಾಗ ಮನುಷ್ಯನಿಗೆ ವಸ್ತುವಿಗಿಂತ ಗೆಲುವೇ ಮುಖ್ಯವಾಗಿಬಿಡುತ್ತದೆ. ಹರಾಜು ಆರಂಭವಾಗುವ ಮೊದಲೇ, ಅದೇ ಮಾದರಿ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆಯೆಂದು ನೋಡಿ, ಸಾಗಣೆ ಮತ್ತು ಆಮದು ಸುಂಕಗಳನ್ನು ಕೂಡಿಸಿ, ಒಂದು ಮೊತ್ತವನ್ನು ಕಾಗದದಲ್ಲಿ ಬರೆದಿಡುವುದೇ ಇದಕ್ಕೆ ಮದ್ದು. ಆ ಮೊತ್ತವನ್ನು ದಾಟಿದ ಮೇಲೆ ಕೈ ಕಟ್ಟಿ ಕುಳಿತುಕೊಳ್ಳತಕ್ಕದ್ದು. ವರ್ಣನೆಯನ್ನು ಕೊನೆಯ ಸಾಲಿನವರೆಗೆ ಓದುವುದೂ ಅಗತ್ಯ. ‘ಪರೀಕ್ಷಿಸಿಲ್ಲ’, ‘ಇದ್ದುದು ಇದ್ದಂತೆ’, ‘ಪೆಟ್ಟಿಗೆ ಮಾತ್ರ’ ಎಂಬ ಮಾತುಗಳು ಸಾಮಾನ್ಯವಾಗಿ ಕೊನೆಯಲ್ಲಿಯೇ ಬಚ್ಚಿಟ್ಟುಕೊಂಡಿರುತ್ತವೆ. ನಿರ್ಮಲವೆಂದ ಲೆನ್ಸಿನೊಳಗೆ ಬೂಷ್ಟು ಬೆಳೆದಿರಬಹುದು. ಹಿಂದಿನಿಂದ ಟಾರ್ಚು ಹಾಯಿಸಿ ತೆಗೆದ ಚಿತ್ರದಲ್ಲಿ ಅದು ಜೇಡರ ಬಲೆಯಂತೆ ಕಾಣಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಹಣ ಕೊಡುವ ಗಳಿಗೆಯಲ್ಲಿದೆ. ಹರಾಜುಕಟ್ಟೆಯ ಮೂಲಕವೇ ಹಣ ಸಂದಾಯವಾದರೆ, ವಸ್ತು ಬಾರದಿದ್ದಾಗ ಅಥವಾ ವರ್ಣನೆಗೆ ವಿರುದ್ಧವಾಗಿದ್ದಾಗ ದೂರು ಕೊಟ್ಟು ಹಣವನ್ನು ಹಿಂದಕ್ಕೆ ಪಡೆಯುವ ಮಾರ್ಗವಿರುತ್ತದೆ. ದೂರಿಗೆ ಗಡುವಿರುವುದರಿಂದ ಪೊಟ್ಟಣವನ್ನು ಬಂದ ದಿನವೇ ಬಿಚ್ಚಬೇಕು. ಬಿಚ್ಚುವುದನ್ನು ಚಲನಚಿತ್ರವಾಗಿ ತೆಗೆದಿಟ್ಟುಕೊಂಡರೆ ಅದೇ ಸಾಕ್ಷಿ. ಮೋಸಗಾರನ ಪ್ರಯತ್ನವೆಲ್ಲ ಗಿರಾಕಿಯನ್ನು ಈ ಕಟ್ಟೆಯಿಂದ ಕೆಳಗಿಳಿಸುವುದರಲ್ಲಿಯೇ. “ಹೊರಗಿನಿಂದ ಕೊಟ್ಟರೆ ಸಾವಿರ ರೂಪಾಯಿ ಕಡಿಮೆ,” ಎನ್ನುತ್ತಾನೆ. ಕಟ್ಟೆಯಿಂದ ಕೆಳಗಿಳಿದವನಿಗೆ ರಕ್ಷಣೆಯಿಲ್ಲ.

ನಮ್ಮ ನಾಡಿನಲ್ಲಿ ಹರಾಜಿಗಿಂತ ಹೆಚ್ಚಾಗಿ ಬಳಕೆಯಲ್ಲಿರುವುದು ಹಳೆಯ ಸಾಮಾನುಗಳ ಜಾಹೀರಾತು ತಾಣಗಳು. ಅಲ್ಲಿಯ ವೇಷಗಳು ಬೇರೆ. ತಾನು ಸೈನಿಕ, ದೂರದ ಊರಿಗೆ ವರ್ಗವಾಗಿದೆ, ಕ್ಯಾಮೆರಾವನ್ನು ಅಗ್ಗಕ್ಕೆ ಕೊಡುತ್ತೇನೆ ಎಂದು ಸಮವಸ್ತ್ರದ ಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸುವವನು, ಮೊದಲು ಸಾಗಣೆಯ ವೆಚ್ಚ, ಆಮೇಲೆ ಠೇವಣಿ ಎಂದು ಕಂತುಕಂತಾಗಿ ಹಣ ಕೀಳುತ್ತಾನೆ. ಸೈನಿಕರ ಮೇಲೆ ಜನರಿಗಿರುವ ಗೌರವವೇ ಇಲ್ಲಿ ಬಂಡವಾಳ. ಕ್ಯಾಮೆರಾ ಮಾರಲು ಹೊರಟವರಿಗಾದರೋ ಕೊಳ್ಳುವವನ ವೇಷದಲ್ಲಿ ಬಂದು, “ಈ ಚೌಕುಳಿ ಚಿತ್ರಕ್ಕೆ ಫೋನು ಹಿಡಿದು ಗುಪ್ತಸಂಖ್ಯೆ ಒತ್ತಿ, ಹಣ ಬರುತ್ತದೆ,” ಎನ್ನುತ್ತಾನೆ. ಯುಪಿಐಯಲ್ಲಿ ಗುಪ್ತಸಂಖ್ಯೆಯನ್ನು ಒತ್ತಿದರೆ ಹಣ ಹೋಗುತ್ತದೆ. ಹಣ ಪಡೆಯಲು ಅದನ್ನು ಒತ್ತಬೇಕಾಗಿಯೇ ಇಲ್ಲ. ಮನೆಯ ಹಿರಿಯರೂ ಕಿರಿಯರೂ ಈ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡರೂ ಎಷ್ಟೋ ಮನೆಗಳ ಹಣ ಉಳಿದೀತು. ಅದೇ ಊರಿನ ಮಾರಾಟಗಾರನಾದರೆ ಹಗಲಿನಲ್ಲಿ, ಜನವಿರುವ ಜಾಗದಲ್ಲಿ ಭೇಟಿಯಾಗಿ, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡಿದ ಬಳಿಕವೇ ಹಣ ಕೊಡುವುದು ಸರ್ವೋತ್ತಮ.

ಇಷ್ಟಾದರೂ ಮೋಸಹೋಗುವವರು ಇದ್ದೇ ಇರುತ್ತಾರೆ. ಅವರಲ್ಲಿ ಹಲವರ ಎರಡನೆಯ ತಪ್ಪು ಮೌನ. ಓದಿದವನು ಮೋಸಹೋದನೆಂದು ನಾಲ್ಕು ಜನ ನಕ್ಕಾರು ಎಂಬ ನಾಚಿಕೆಯಿಂದ ಹೆಂಡತಿಗೂ ಹೇಳದೆ ಒಳಗೇ ಕುದಿಯುತ್ತಾರೆ. ಈ ಮೌನದಿಂದ ಲಾಭವಾಗುವುದು ಮೋಸಗಾರನಿಗೆ ಮಾತ್ರ. ಭಾರತದಲ್ಲಿ ಇಂತಹ ದೂರುಗಳಿಗಾಗಿಯೇ 1930 ಎಂಬ ದೂರವಾಣಿ ಸಂಖ್ಯೆಯಿದೆ. ಹಣ ಖಾತೆಯಿಂದ ಖಾತೆಗೆ ಜಾರಿಹೋಗುವ ಮುನ್ನ ತಿಳಿಸಿದರೆ ಅದನ್ನು ನಡುವೆಯೇ ತಡೆಹಿಡಿಯುವ ಸಂಭವವುಂಟು; ಗಂಟೆಗಳು ಕಳೆದಂತೆಲ್ಲ ಆ ಸಂಭವ ಕರಗುತ್ತದೆ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಬೇರೊಬ್ಬರ ವೇಷ ಧರಿಸಿ ಗಣಕಯಂತ್ರ ಅಥವಾ ಫೋನಿನ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಕಳೆದ ಹಣವನ್ನು ಮರಳಿ ಕೊಡಿಸುತ್ತೇನೆ, ಮೊದಲು ಶುಲ್ಕ ಕಟ್ಟಿ ಎನ್ನುವವನು ಎರಡನೆಯ ಕಳ್ಳ. ಅವನ ಮಾತಿಗೆ ಕಿವಿಗೊಡಬಾರದು.

ಈಗ ಆ ಮನೆಯ ನಡುಮನೆಗೆ ಮರಳಬಹುದು. ಗಡುವಿಗೆ ಇನ್ನೂ ಕೆಲವು ನಿಮಿಷಗಳಿವೆ. ತಾಯಿ ಮಗಳ ಪಕ್ಕದಲ್ಲಿ ಬಂದು ಕುಳಿತರು.

“ಸಂತೇಲಿ ಮಡಕೆ ಕೊಳ್ಳೋವಾಗ ಬಾರಿಸಿ ನೋಡ್ತೀವಿ. ತೆಂಗಿನಕಾಯಿ ಕೊಳ್ಳೋವಾಗ ಕಿವಿ ಹತ್ತಿರ ಅಲ್ಲಾಡಿಸ್ತೀವಿ. ಇದನ್ನ ಮಾತ್ರ ಹಾಗೇ ತಗೋಬೇಕೇನಮ್ಮ? ಒಳಗಡೆ ತೋರಿಸಿ ಅಂತ ಒಂದು ಮಾತು ಕೇಳು.”

ಮಗಳು ಕೇಳಿದಳು. ಉತ್ತರ ಬರಲಿಲ್ಲ. ನಿಮಿಷಗಳು ಕಳೆದವು, ಹೊಂಬಣ್ಣದ ಕ್ಯಾಮೆರಾ ಇನ್ನಾರದೋ ಪಾಲಾಯಿತು. ಆ ರಾತ್ರಿ ಮಗಳ ಮುಖ ಬಾಡಿತ್ತು. ಯಜಮಾನರು ಊಟದ ಹೊತ್ತಿನಲ್ಲಿ ಮಾತನಾಡಲಿಲ್ಲ.

ಕೆಲವು ವಾರಗಳ ಮೇಲೆ ಅದೇ ಕಟ್ಟೆಯಲ್ಲಿ ಇನ್ನೊಂದು ಕ್ಯಾಮೆರಾ ಕಂಡಿತು. ಕಪ್ಪು ಚರ್ಮದ ಹೊದಿಕೆ ಅಲ್ಲಲ್ಲಿ ಸವೆದಿತ್ತು. ಮಾರುವವನು ಕೇಳುವ ಮೊದಲೇ ಒಳಗಿನ ಚಿತ್ರಗಳನ್ನು ಹಾಕಿ, ನಿಧಾನ ವೇಗವೊಂದು ಸರಿಯಾಗಿ ನಡೆಯುತ್ತಿಲ್ಲವೆಂದೂ ಬರೆದಿದ್ದನು. ಬೆಲೆ ಮೊದಲಿನದರ ಕಾಲು ಭಾಗವೂ ಆಗಲಿಲ್ಲ. ಪೊಟ್ಟಣ ಬಂದ ದಿನ ತಾಯಿಯೇ ಕತ್ತರಿ ತಂದರು. ಮಗಳು ಲೆನ್ಸನ್ನು ಬಿಚ್ಚಿ ಒಳಗೆ ಇಣುಕಿದಳು, ಗಾಲಿಯಿರಲಿಲ್ಲ, ಬೆಣೆಯಿತ್ತು. ನಗುತ್ತ ಅದನ್ನು ತಿರುಗಿಸಿ ತಂದೆಗೆ ತೋರಿಸಿದಳು. ನೆತ್ತಿಯ ಮೇಲೆ ಯಾರೂ ಅಳಿಸದೆ ಬಿಟ್ಟ ಮೂರು ರಷ್ಯನ್ ಅಕ್ಷರಗಳಿದ್ದವು.

“ಏನಂತ ಬರೆದಿದೆ?” ಎಂದರು ಯಜಮಾನರು.

“ಅದರ ಹೆಸರು, ಅಪ್ಪ,” ಎಂದಳು ಮಗಳು.